ದೇವೀಂದ್ರಪ್ಪನ ರಜಾಯಿ ಮತ್ತು ಎರಡು ಡಜನ್ ಕಸೆ

ದೇವೀಂದ್ರಪ್ಪನ ರಜಾಯಿಯ ಪ್ರಕರಣದಲ್ಲಿ ನನ್ನ ತಪ್ಪು ಎಷ್ಟು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಆಡಿದ್ದು ಒಂದೇ ಒಂದು ಮಾತು. ಅದೂ ಬಸ್‌ಸ್ಟ್ಯಾಂಡಿನಲ್ಲಿ, ಅದೂ ನಗುತ್ತ. ಉಳಿದದ್ದನ್ನೆಲ್ಲ ಜನ ತಾವಾಗಿ ಮಾಡಿಕೊಂಡರು. ಶಹಾಬಜಾರದ ನಮ್ಮ ಓಣಿಯಲ್ಲಿ ಇದನ್ನು ಇಂದಿಗೂ ಒಪ್ಪದವರಿದ್ದಾರೆ. ಅವರಲ್ಲಿ ನನ್ನ ಹೆಂಡತಿಯೂ ಒಬ್ಬಳು.

ದೇವೀಂದ್ರಪ್ಪ ನಮ್ಮ ಗೋಡೆಗೆ ಗೋಡೆ ಹೊಂದಿದ ಮನೆಯವನು. ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತ. ನನ್ನ ಓರಗೆಯವನಾದ್ದರಿಂದ ಏಕವಚನ. ಮನುಷ್ಯ ಒಳ್ಳೆಯವನೇ, ಆದರೆ ಯಾವುದೇ ವಸ್ತು ಕೊಂಡರೂ ಅದರ ಜೊತೆಗೆ ಒಂದು ಭಾಷಣವನ್ನೂ ಮನೆಗೆ ತರುವವನು. ತೊಂಬತ್ತನಾಲ್ಕನೆಯ ಇಸವಿಯಲ್ಲಿ ಸರ್ಕಾರದ ರಜಾ ಪ್ರವಾಸದ ಮೇಲೆ ಹೆಂಡತಿ ಅಂಬಮ್ಮನನ್ನು ಕರೆದುಕೊಂಡು ದಿಲ್ಲಿ, ಸಿಮ್ಲಾ ನೋಡಿ ಬಂದ. ಬರುವಾಗ ದಿಲ್ಲಿಯ ಬೀದಿಯೊಂದರಲ್ಲಿ ಫಾರಿನ್ ಮಾಲು ಎಂದು ಮಾರುತ್ತಿದ್ದ ಒಂದು ರಜಾಯಿ ತಂದ.

ಅದು ನಮ್ಮ ಪಿಂಜಾರರು ಹತ್ತಿ ತುಂಬಿ ಉದ್ದಕ್ಕೂ ಟಾಕು ಹಾಕಿ ಹೊಲಿದುಕೊಡುವ ರಜಾಯಿಯಲ್ಲ. ಒಳಗಿನ ಮೆತ್ತೆ ಬೇರೆ, ಹೊರಗಿನ ಗವಸಣಿಗೆ ಬೇರೆ. ದಿಂಬಿಗೆ ಗಲೀಫ ಹಾಕುವಂತೆ ಇದಕ್ಕೂ ಹಾಕಬೇಕು, ಬೇಕೆಂದಾಗ ಬಿಚ್ಚಿ ಒಗೆಯಬೇಕು. ದೇವೀಂದ್ರಪ್ಪ ಅದನ್ನು ಮೂರು ಸಂಜೆ ಕಟ್ಟೆಯ ಮೇಲೆ ಹರವಿ ಓಣಿಗೆಲ್ಲ ತೋರಿಸಿದ.

"ಸಿಮ್ಲಾದಾಗ ದೊಡ್ಡ ದೊಡ್ಡ ಸಾಹೇಬರು ಇಂಥಾದ್ದ ಹೊದ್ಕೋತಾರ. ನಿಮ್ಮ ಕೌದಿ ಒಗೀಬೇಕಂದ್ರ ಹಳ್ಳಕ್ಕ ಒಯ್ಯಬೇಕು, ನಾಕು ಮಂದಿ ಹಿಡದು ಹಿಂಡಬೇಕು. ಇದಕ್ಕ ಆ ತ್ರಾಸ ಇಲ್ಲ."

ಕೌದಿಯನ್ನು ಹೊಲಿಯುವವರು ನಮ್ಮ ಓಣಿಯ ಹೆಂಗಸರು. ಹಳೆಯ ಸೀರೆಗಳನ್ನು ಕೂಡಿಸಿ ತಿಂಗಳುಗಟ್ಟಲೆ ಕೂತು ಹೊಲಿಯುತ್ತಾರೆ. ಆ ಮಾತು ಅವರಿಗೆ ನಾಟಿತು. ನನ್ನ ಹೆಂಡತಿ ಅಂದು ರೊಟ್ಟಿಯನ್ನು ಎಂದಿಗಿಂತ ಜೋರಾಗಿ ಬಡಿದಳು.

ನಮ್ಮೂರಿನ ಚಳಿ ಡಿಸೆಂಬರಿನಲ್ಲಿ ಬಂದು ಸಂಕ್ರಾಂತಿಯ ಹೊತ್ತಿಗೆ ಹೊರಟುಹೋಗುವ ನೆಂಟ. ಅವನ ಸತ್ಕಾರಕ್ಕೆ ಒಂದು ಕೌದಿ ಸಾಕು. ಆದರೂ ದೇವೀಂದ್ರಪ್ಪ ಹಟ ಹಿಡಿದು ಆ ರಜಾಯಿಯನ್ನೇ ಹೊದ್ದ. ಆಗ ಅದರ ಗುಟ್ಟು ಗೊತ್ತಾಯಿತು. ಗವಸಣಿಗೆಯ ಬಾಯಿಗೆ ಗುಂಡಿಯಿಲ್ಲ, ಕಾಜವಿಲ್ಲ, ಏನೂ ಇಲ್ಲ. ಮಗ್ಗುಲು ಹೊರಳಿದಂತೆಲ್ಲ ಒಳಗಿನ ಮೆತ್ತೆ ಜಾರಿ ಜಾರಿ ಕೆಳಗೆ ಹೋಗುತ್ತಿತ್ತು. ಬೆಳಗಾದಾಗ ಎದೆಯ ಮೇಲೆ ಬರೀ ಬಟ್ಟೆ, ಕಾಲಿನ ಮೇಲೆ ಗುಡ್ಡ. ತಲೆ ಸಿಮ್ಲಾದಲ್ಲಿ, ಕಾಲು ಕಲಬುರಗಿಯ ಬೇಸಿಗೆಯಲ್ಲಿ. ಅಂಬಮ್ಮ ಮೂರನೆಯ ದಿನವೇ ತನ್ನ ಕೌದಿಗೆ ಮರಳಿದಳು. ಈ ವಿವರಗಳು ನನಗೆ ಗೊತ್ತಾದದ್ದು ಆಮೇಲೆ. ಆಗ ಆ ಮನೆಯಿಂದ ಹೊರಗೆ ಒಂದು ಮಾತೂ ಬರಲಿಲ್ಲ, ಯಾಕೆಂದರೆ ದೇವೀಂದ್ರಪ್ಪ ಹೆಂಡತಿಯಿಂದ ಆಣೆ ಹಾಕಿಸಿಕೊಂಡಿದ್ದ.

ದರ್ಜಿಗೆ ಕೊಟ್ಟರೆ ಸುದ್ದಿ ಓಣಿಗೆ ಮುಟ್ಟುತ್ತದೆ. ಹೀಗಾಗಿ ತಾನೇ ಸೂಜಿ ಹಿಡಿದ. ಮೊದಲು ಪಿನ್ನು ಚುಚ್ಚಿದ. ಅದರಲ್ಲೊಂದು ಬಾಯಿ ಬಿಚ್ಚಿ ತೊಡೆಗೆ ಇಳಿಯಿತು, ಎರಡು ದಿನ ಕಚೇರಿಯ ಕುರ್ಚಿಯಲ್ಲಿ ಓರೆಯಾಗಿ ಕೂತು ಕುರುವಾಗಿದೆ ಎಂದು ಹೇಳಿಕೊಂಡ. ಆಮೇಲೆ ಹದಿನಾರು ಟಿಚ್ ಗುಂಡಿ ಹಚ್ಚಿದ. ಹೊರಳಿದಾಗಲೆಲ್ಲ ಅವು ಒಂದೊಂದಾಗಿ ಟಿಚ್ ಟಿಚ್ ಎಂದು ಬಿಚ್ಚಿಕೊಂಡವು. ಹಲ್ಲಿ ನುಡಿಯಿತೆಂದು ಅಂಬಮ್ಮ ನಿದ್ದೆಗಣ್ಣಿನಲ್ಲೇ ಹದಿನಾರು ಸಲ ಶಿವನಾಮ ಹೇಳಿದಳು. ಕೊನೆಗೆ ಹಳೆಯ ಬ್ಯಾಗಿನ ಚೈನು ಕಿತ್ತು ಹೊಲಿದ. ಚೈನು ಗವಸಣಿಗೆಯ ಜೊತೆಗೆ ಲುಂಗಿಯನ್ನೂ ಕಚ್ಚಿತು. ಆ ಬೆಳಿಗ್ಗೆ ಅವನು ರಜಾಯಿಯನ್ನು ಬಿಟ್ಟು ಏಳಬೇಕಾದರೆ ಲುಂಗಿಯನ್ನೂ ಬಿಟ್ಟೇ ಏಳಬೇಕಾಯಿತು.

ಇಷ್ಟೆಲ್ಲ ಆದ ಮೇಲೆ ಒಂದು ಗುರುವಾರ ಸಂಜೆ ಅವನು ಓಣಿಯ ಬಾಯಿಯಲ್ಲಿರುವ ಬುರ್ಹಾನುದ್ದೀನರ ಅಂಗಡಿಗೆ ಬಂದ. ಗುಂಡಿ, ದಾರ, ಲೇಸು, ಬಳೆ ಮಾರುವ ಅಂಗಡಿ ಅದು. ನಾನು ಅಲ್ಲಿ ನನ್ನ ಅಂಗಿಗೆ ಹೊಂದುವ ಗುಂಡಿ ಹುಡುಕುತ್ತಿದ್ದೆ. ನನ್ನನ್ನು ಕಂಡು ದೇವೀಂದ್ರಪ್ಪ ಕಕ್ಕಾಬಿಕ್ಕಿಯಾದ. ನಾನು ಸಭ್ಯನಾದ್ದರಿಂದ ಮುಖ ಆ ಕಡೆ ತಿರುಗಿಸಿದೆ, ಕಿವಿ ಅಲ್ಲೇ ಬಿಟ್ಟೆ.

"ಕಟ್ಟೂ ಕಸಿ ಬೇಕ್ರಿ," ಎಂದ ಮೆಲ್ಲಗೆ. "ಮೆತ್ತಂದು. ಮೈಗೆ ಚುಚ್ಚಬಾರದು. ಎಷ್ಟ ಕಾಲು ಝಾಡಿಸಿದ್ರೂ ಬಿಚ್ಚಬಾರದು."

"ಯಾವದಕ್ಕ ಸಾಹೇಬ್ರ?"

"ಅದನ್ನ ಕೇಳಬ್ಯಾಡ್ರಿ. ಮನೀ ಮರ್ಯಾದಿ ಮಾತದ."

ಇಲ್ಲಿ ನಮ್ಮ ಕಡೆಯ ಎರಡು ಪದ್ಧತಿಗಳನ್ನು ಹೇಳಲೇಬೇಕು. ಹಸುಗೂಸಿನ ಅಂಗಿಗೆ ನಾವು ಗುಂಡಿ ಹಚ್ಚುವುದಿಲ್ಲ, ಎಳೆಯ ಮೈಗೆ ಒತ್ತುತ್ತದೆ ಎಂದು ಮೆತ್ತನೆಯ ಕಸೆ ಹೊಲಿದು ಕಟ್ಟುತ್ತೇವೆ. ಕೂಸಿನ ಕುಂಚಿಗೆಗೂ ಕಸೆಯೇ. ಎರಡನೆಯದು ಕಳ್ಳ ಕುಬಸ. ಹೆಣ್ಣುಮಗಳು ಬಸುರಾಗಿ ಮೂರು ತಿಂಗಳಾದಾಗ ಊರಿಗೆ ಸುದ್ದಿ ಬಿಡದೆ, ಬಾಗಿಲು ಮುಂದೆ ಮಾಡಿ, ಹಸಿರು ಸೀರೆ ಉಡಿಸಿ ಹಸಿರು ಬಳೆ ಇಡಿಸುತ್ತಾರೆ. ಅಲ್ಲಿಯವರೆಗೆ ಯಾರು ಕೇಳಿದರೂ ಮನೆಯವರು ಏನೂ ಇಲ್ಲವೆಂದೇ ಹೇಳಬೇಕು. ಹೀಗಾಗಿ ಇಲ್ಲ ಎಂದು ಎಷ್ಟು ಜೋರಾಗಿ ಹೇಳುತ್ತಾರೋ ಅಷ್ಟು ಖಾತ್ರಿಯಾಗಿ ಹೌದು ಎಂದು ನಾವು ತಿಳಿಯುತ್ತೇವೆ.

ದೇವೀಂದ್ರಪ್ಪನ ಒಬ್ಬಳೇ ಮಗಳು ನೀಲಗಂಗಮ್ಮನನ್ನು ಕಮಲಾಪುರಕ್ಕೆ ಕೊಟ್ಟಿತ್ತು. ಮದುವೆಯಾಗಿ ಆರು ವರ್ಷ, ಮಕ್ಕಳಿರಲಿಲ್ಲ. ಅದೇ ವಾರದ ಮಂಗಳವಾರ ಅವಳು ದವಾಖಾನೆಗೆ ತೋರಿಸಿಕೊಳ್ಳಬೇಕೆಂದು ತವರಿಗೆ ಬಂದದ್ದನ್ನು ಓಣಿಯೆಲ್ಲ ನೋಡಿತ್ತು. ಯಾವ ದವಾಖಾನೆ ಎಂದು ಯಾರೂ ಕೇಳಿರಲಿಲ್ಲ.

ಬುರ್ಹಾನುದ್ದೀನರ ಮುಖ ಅರಳಿತು. ಮುಂದಿನ ಕಪಾಟಿನದನ್ನು ಬಿಟ್ಟು ಒಳಗಿನಿಂದ ಬಿಳಿ ಮಲ್‌ಮಲ್ ಬಟ್ಟೆಯ ಕಸೆಗಳ ಕಟ್ಟು ತಂದರು. ಎಷ್ಟು ಬೇಕು ಎಂದರು. ಎರಡು ಡಜನ್ ಎಂದ ದೇವೀಂದ್ರಪ್ಪ. ಅವರ ಕೈ ಅಲ್ಲೇ ನಿಂತಿತು. ಒಂದು ಕೂಸಿಗೆ ಒಂದು ಡಜನ್ ಕಸೆ ಧಾರಾಳವಾಯಿತು. ಅವರು ಅವನಿಗೆ ಕಾಣದಂತೆ ನನಗೆ ಎರಡು ಬೆರಳು ತೋರಿಸಿದರು. ನಾನೂ ಲೆಕ್ಕದ ಮಾಸ್ತರ, ತಲೆಯಾಡಿಸಿದೆ.

ಬುರ್ಹಾನುದ್ದೀನರ ಅಂಗಡಿಯಿಂದ ಹೊರಟ ಸುದ್ದಿ ರಾತ್ರಿಯೊಳಗೆ ಊರು ಸುತ್ತಿತು. ಮರುದಿನ ಕಚೇರಿಯಲ್ಲಿ ಹೆಡ್‌ಕ್ಲಾರ್ಕ್ ಸಾಯಬಣ್ಣ ದೇವೀಂದ್ರಪ್ಪನನ್ನು ಬದಿಗೆ ಕರೆದು, ನಮಗೆಲ್ಲ ಗೊತ್ತಾಗಿದೆ, ಇನ್ನು ಮುಚ್ಚಿಡಬೇಡ ಎಂದರಂತೆ. ಲುಂಗಿಯ ವಿಷಯ ಕಚೇರಿಯವರೆಗೆ ಬಂತೆಂದು ದೇವೀಂದ್ರಪ್ಪ ಬೆವತುಹೋದ. ದಯವಿಟ್ಟು ಮೇಲಿನವರಿಗೆ ತಿಳಿಸಬೇಡಿ, ಇನ್ನೊಂದು ವಾರದಲ್ಲಿ ಎಲ್ಲ ಸುಸೂತ್ರವಾಗುತ್ತದೆ ಎಂದು ಕೈ ಹಿಡಿದು ಕೇಳಿಕೊಂಡ. ಸಾಯಬಣ್ಣನವರಂಥ ಗಟ್ಟಿ ಮನುಷ್ಯರ ಕಣ್ಣೂ ಒದ್ದೆಯಾದವಂತೆ.

ಈಗ ನನ್ನ ಆ ಒಂದು ಮಾತು. ನಾನು ಕಮಲಾಪುರದ ಶಾಲೆಯಲ್ಲಿ ಮಾಸ್ತರ, ದಿನಾ ಕಲಬುರಗಿಯಿಂದ ಬಸ್ಸಿಗೆ ಹೋಗಿಬರುವವನು. ಅದೇ ಶುಕ್ರವಾರ ಕಮಲಾಪುರದಲ್ಲಿ ಬಸ್ಸಿಳಿದರೆ ಎದುರಿಗೆ ನೀಲಗಂಗಮ್ಮನ ಮಾವ ಜಗದೇವಪ್ಪ. ತಮ್ಮ ತೋಟದ ಕೆಂಪು ಬಾಳೆಯ ಗೊನೆಗಳನ್ನು ಬಸ್ಸಿನ ಮೇಲೇರಿಸುತ್ತಿದ್ದರು.

"ಈ ಸರ್ತಿ ಬರೇ ಬಾಳೆಹಣ್ಣಿನ ಮ್ಯಾಲ ಬಿಡಂಗಿಲ್ಲ ನೋಡ್ರಿ," ಎಂದೆ, "ಪೇಢಾ ಬೇಕು, ಅದೂ ಎರಡು ಡಬ್ಬಿ."

ಯಾಕೆಂದು ಅವರು ಕೇಳಿದರು. ಪದ್ಧತಿಯಂತೆ ನಾನು ಬಾಯಿ ಮುಚ್ಚಿಕೊಂಡು ನಕ್ಕೆ. ಅವರು ಗೊನೆಯನ್ನು ಅಲ್ಲೇ ಇಳಿಸಿ ಮನೆಗೆ ನಡೆದರು. ನಾನು ಮಾಡಿದ್ದು ಇಷ್ಟು.

ಜಗದೇವಪ್ಪನವರ ಹೆಂಡತಿ ಮಲ್ಕಮ್ಮ ಮಾತು ಕಡಿಮೆಯ ಹೆಂಗಸು. ಆರು ವರ್ಷದಲ್ಲಿ ಸೊಸೆಯನ್ನು ಒಂದು ದಿನವೂ ಮಕ್ಕಳ ವಿಷಯ ಕೇಳಿದವಳಲ್ಲ. ಬೇರೆಯವರು ಕೇಳಿದರೆ ಮಳೆ ಬೆಳೆಯ ಮಾತೆತ್ತುವಳು. ಕಮಲಾಪುರದಲ್ಲಿ ಇದು ಸಣ್ಣ ಸಂಗತಿಯಲ್ಲ. ಗಂಡ ತಂದ ಸುದ್ದಿ ಕೇಳಿ ಅವಳು ಎದ್ದು ಹೋಗಿ ಟ್ರಂಕಿನ ಬೀಗ ತೆಗೆದಳೆಂದು ಆಮೇಲೆ ತಿಳಿಯಿತು.

ರವಿವಾರ ಮೊದಲ ಬಸ್ಸಿಗೆ ಇಬ್ಬರೂ ಬಂದಿಳಿದರು. ಕೈಯಲ್ಲಿ ಬುತ್ತಿ. ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಬಸುರಿಯ ಬಾಯಿಗೆ ಹಿಡಿಸಲಿ ಎಂದು ಹುಳಿಹುಳಿಯಾದ ಪುಂಡಿ ಪಲ್ಲೆ. ಜೊತೆಗೊಂದು ಬುಟ್ಟಿ, ಅದರಲ್ಲಿ ಒಂದು ಹಸಿರು ಸೀರೆ ಬಿಟ್ಟರೆ ಉಳಿದದ್ದೆಲ್ಲ ಜೋಡಿ. ಎರಡು ತೆಂಗಿನಕಾಯಿ, ಎರಡು ಕುಬಸದ ಖಣ, ಎರಡು ಡಜನ್ ಹಸಿರು ಬಳೆ, ಎರಡು ಚಿಪ್ಪು ಕೆಂಪು ಬಾಳೆಹಣ್ಣು. ಬಾಗಿಲು ಮುಂದೆ ಮಾಡಿ ನಡೆಸುವ ಕಾರ್ಯವಾದ್ದರಿಂದ ಓಣಿಯ ಹೆಂಗಸರೆಲ್ಲ ಆ ಬಾಗಿಲಿನ ಒಳಗೇ ಬಂದು ಕೂತರು. ನಾನು ಬೀಗರನ್ನು ಮಾತಾಡಿಸುವ ನೆಪದಲ್ಲಿ ಅಂಗಳದ ಮೂಲೆ ಹಿಡಿದೆ.

ನೀಲಗಂಗಮ್ಮ ಶನಿವಾರ ಸಂಜೆಯಷ್ಟೇ ದವಡೆಹಲ್ಲು ಕೀಳಿಸಿಕೊಂಡು ಬಂದಿದ್ದಳು. ಅವಳ ದವಾಖಾನೆ ಎಂದರೆ ಹಲ್ಲಿನ ದವಾಖಾನೆ. ಬಾಯಿ ತುಂಬ ಹತ್ತಿ, ಕೆನ್ನೆ ಊದಿತ್ತು, ರವಿವಾರ ಮಧ್ಯಾಹ್ನದ ತನಕ ಮಾತಾಡಕೂಡದೆಂದು ಡಾಕ್ಟರರ ಕಟ್ಟಪ್ಪಣೆ. ಅತ್ತೆ ಮಾವನಿಗೆ ಊದಿದ ಮುಖ ಕಾಣಬಾರದೆಂದು ಸೆರಗನ್ನು ಕಣ್ಣಿನವರೆಗೆ ಎಳೆದುಕೊಂಡು ಕೂತಳು. ಹೆಂಗಸರು ಅದನ್ನು ನಾಚಿಕೆ ಎಂದುಕೊಂಡು ಒಬ್ಬರನ್ನೊಬ್ಬರು ತಿವಿದರು.

ಮಲ್ಕಮ್ಮ ಹತ್ತಿರ ಕೂತು, ಹುಳಿ ತಿನ್ನಬೇಕು ಅನಿಸುತ್ತದೆಯೇ ಎಂದು ಮೆಲ್ಲಗೆ ಕೇಳಿದಳು. ಹಲ್ಲು ಕಿತ್ತ ಗಾಯಕ್ಕೆ ಪುಂಡಿ ಪಲ್ಲೆಯನ್ನು ನೆನೆದೇ ನೀಲಗಂಗಮ್ಮ ನಡುಗಿ ಇಲ್ಲವೆಂದು ತಲೆಯಲ್ಲಾಡಿಸಿದಳು. ಹಾಗಾದರೆ ಬ್ಯಾನೆ, ನೋವು ಇದೆಯೇ ಎಂದು ಅತ್ತೆ ಕೇಳಿದಳು. ಅದಕ್ಕೆ ಹುಡುಗಿ ಜೋರಾಗಿ ಹೌದೆಂದು ತಲೆ ಕುಣಿಸಿದಳು. ಮಲ್ಕಮ್ಮನ ಮುಖ ಕಪ್ಪಿಟ್ಟಿತು.

ಅಷ್ಟರಲ್ಲಿ ಅಂಬಮ್ಮ ಅಡುಗೆಮನೆಯಿಂದ ಬಂದು ಹಸಿರು ಸೀರೆ ನೋಡಿ ನಿಂತಲ್ಲೇ ನಿಂತಳು. ಅಂಥದ್ದು ಏನೂ ಇಲ್ಲ ಎಂದಳು. ಹೆಂಗಸರು ನಕ್ಕರು. ಖರೇ ಇಲ್ಲ ಎಂದಳು. ಇನ್ನೂ ನಕ್ಕರು. ದೇವರಾಣೆ ಇಲ್ಲ ಎಂದಳು. ನನ್ನ ಹೆಂಡತಿ, ಇಷ್ಟು ಚಂದ ಮುಚ್ಚಿಡುವವರನ್ನು ನಾನು ಕಂಡೇ ಇಲ್ಲ ಎಂದು ಮೆಚ್ಚಿಕೊಂಡಳು.

ಮಲ್ಕಮ್ಮ ಮಾತ್ರ ನಗಲಿಲ್ಲ.

"ಬೀಗ್ತಿ, ಮುಚ್ಚಿಡೂ ಪದ್ಧತಿ ನನಗೂ ಗೊತ್ತದ," ಎಂದಳು. "ಊರಿಗಿ ಮುಚ್ಚಿಡ್ರಿ. ಆರು ವರ್ಷ ನಾ ಇಕಿನ್ನ ಒಂದ ಮಾತ ಕೇಳಿಲ್ಲ. ಕೇಳಿದ್ರ ನೊಂದ್ಕೋತಾಳ ಅಂತ ಕೇಳಿಲ್ಲ. ಆದ್ರ ಸುದ್ದಿ ಇದ್ದಾಗ ಮೊದಲ ನನಗ ಹೇಳ್ತಾಳ ಅಂತ ತಿಳಕೊಂಡಿದ್ದೆ. ಅದೊಂದು ತಪ್ಪಾಯ್ತು ನಂದು."

ನೀಲಗಂಗಮ್ಮನಿಗೆ ಆಗ ಎಲ್ಲ ಅರ್ಥವಾಯಿತು. ಬಾಯಲ್ಲಿ ಹತ್ತಿ, ಕಣ್ಣಲ್ಲಿ ನೀರು. ತನ್ನನ್ನು ಆರು ವರ್ಷ ನೆರಳಾಗಿ ಕಾಯ್ದ ಅತ್ತೆಯ ಎದುರಿಗೆ ಅವಳು ಈಗ ಕಳ್ಳಿಯಾಗಿ ಕೂತಿದ್ದಳು. ನನಗೆ ನಿಜವಾಗಿಯೂ ಕೆಡುಕೆನಿಸಿತು.

ಜಗದೇವಪ್ಪ ನನ್ನ ಕಡೆ ನೋಡಿದರು. ನಾನು ಬುರ್ಹಾನುದ್ದೀನರ ಅಂಗಡಿಯ ದಿಕ್ಕಿಗೆ ನೋಡಿದೆ. ಆಗಲೇ ಒಳಕೋಣೆಯ ಬಾಗಿಲು ತೆರೆದು ದೇವೀಂದ್ರಪ್ಪ ಹೊರಗೆ ಬಂದ. ಬೆಳಗಿನಿಂದ ಚಿಲಕ ಹಾಕಿಕೊಂಡು ಗುಟ್ಟಾಗಿ ಹೊಲಿಯುತ್ತಿದ್ದವನು. ಕೊರಳಲ್ಲಿ ದಾರ, ಕೈಯಲ್ಲಿ ಸೂಜಿ, ಹೆಗಲ ಮೇಲೆ ಬಿಳಿಯ ಕಸೆಗಳು.

"ಬೀಗರ," ಎಂದರು ಜಗದೇವಪ್ಪ ಆ ಕಸೆಗಳಿಗೆ ಬೊಟ್ಟು ಮಾಡಿ, "ಇವು ಯಾವ ಕೂಸಿಗಿ?"

ದೇವೀಂದ್ರಪ್ಪ ಬೀಗರನ್ನು ನೋಡಿದ. ಓಣಿಯ ಹೆಂಗಸರನ್ನು ನೋಡಿದ. ಅವನು ಕೌದಿಯನ್ನು ಹೀಗಳೆದ ಭಾಷಣ ಕೇಳದವರು ಅವರಲ್ಲಿ ಒಬ್ಬರೂ ಇರಲಿಲ್ಲ. ಕೊನೆಗೆ ಮಗಳನ್ನು ನೋಡಿದ. ಆ ಮನುಷ್ಯ ಏನೇ ಜಂಬದವನಿರಲಿ, ಮಗಳೆಂದರೆ ಅವನಿಗೆ ಜೀವ. ಒಳಗೆ ಹೋಗಿ ರಜಾಯಿಯನ್ನು ಎತ್ತಿಕೊಂಡು ಬಂದ. ಅಂಗಳದಲ್ಲಿ ಚಾಪೆ ಹಾಸಿ, ಹತ್ತು ಗಂಟೆಯ ಬಿಸಿಲಿನಲ್ಲಿ, ಅಷ್ಟು ಜನರ ಎದುರಿಗೆ ಮಲಗಿ, ಗದ್ದದವರೆಗೆ ಅದನ್ನು ಹೊದ್ದುಕೊಂಡ.

"ಈಗ ನೋಡ್ರಿ," ಎಂದ.

ಎಡಕ್ಕೆ ಹೊರಳಿದ. ಬಲಕ್ಕೆ ಹೊರಳಿದ. ಕಾಲು ಝಾಡಿಸಿದ. ಅವನು ಅಲ್ಲಿಯವರೆಗೆ ಹಚ್ಚಿದ್ದ ಹನ್ನೊಂದು ಕಸೆಗಳಲ್ಲಿ ಮೂರು ಆಗಲೇ ಕಿತ್ತುಬಂದವು. ಮೆತ್ತೆ ಸರಸರನೆ ಕೆಳಗಿಳಿದು ಕಾಲಿನ ಮೇಲೆ ಗುಡ್ಡ ಬಿತ್ತು. ಎದೆಯ ಮೇಲೆ ಬರೀ ಬಟ್ಟೆ ಉಳಿಯಿತು. ಆ ಬಟ್ಟೆಯ ಕೆಳಗಿನಿಂದ, ಬೆವರು ಸುರಿಸುತ್ತ, ಅವನು ಪಿನ್ನಿನ ಕತೆ ಹೇಳಿದ, ಟಿಚ್ ಗುಂಡಿಯ ಕತೆ ಹೇಳಿದ, ಚೈನು ಮತ್ತು ಲುಂಗಿಯ ಕತೆಯನ್ನೂ ಬಿಡದೆ ಹೇಳಿದ. ಮಗಳು ಬಂದದ್ದು ಹಲ್ಲಿಗೆ, ಕಸೆ ತಂದದ್ದು ಇದಕ್ಕೆ, ಅವಳದೇನೂ ತಪ್ಪಿಲ್ಲ ಎಂದ.

ಮೊದಲು ಜಗದೇವಪ್ಪ ನಕ್ಕರು. ಆಮೇಲೆ ಅಂಗಳವೇ ನಕ್ಕಿತು. ನನ್ನ ಹೆಂಡತಿ ಗೋಡೆ ಹಿಡಿದುಕೊಂಡು ನಕ್ಕಳು. ಓಣಿಯ ಅಷ್ಟೂ ಕೌದಿಗಳ ಸೇಡು ಅಂದು ತೀರಿತು.

ಮಲ್ಕಮ್ಮ ಎದ್ದು ಸೊಸೆಯ ಸೆರಗು ಸರಿಸಿದಳು. ಊದಿದ ಕೆನ್ನೆ ಕಂಡಿತು. ಹಲ್ಲೇನು ಎಂದು ಕೇಳಿದಳು. ಹುಡುಗಿ ತಲೆಯಾಡಿಸಿದಳು. ಮಲ್ಕಮ್ಮ ಆ ಕೆನ್ನೆಯ ಮೇಲೆ ಕೈಯಿಟ್ಟು ಹಾಗೇ ನಿಂತಳು. ನಗು ಒಂದೊಂದಾಗಿ ನಿಂತುಹೋಯಿತು.

ನೀಲಗಂಗಮ್ಮ ಹಸಿರು ಸೀರೆಯನ್ನು, ಬಳೆಗಳನ್ನು ಮೆಲ್ಲಗೆ ಬುಟ್ಟಿಗೆ ತಿರುಗಿ ತುಂಬತೊಡಗಿದಳು. ಅಂಬಮ್ಮ, ದೇವರು ಕಣ್ಣು ತೆರೆದಾಗ ತರುವಿರಂತೆ, ಈಗ ಒಯ್ಯಿರಿ ಎಂದಳು. ಮಲ್ಕಮ್ಮ ಸೊಸೆಯ ಕೈ ಹಿಡಿದಳು.

"ಈ ಸೀರಿ ನಿನ್ನ ಲಗ್ನದ ವರ್ಷ ತಂದು ಟ್ರಂಕಿನಾಗ ಇಟ್ಟಿದ್ದೆ. ಮಡಿಕಿ ಮಡಿಕಿಗಿ ಬಣ್ಣ ಹೋಗಾಕತ್ತದ ನೋಡು. ಹಸರು ಸೀರಿ ಉಡಾಕ, ಹಸರು ಬಳಿ ಇಟ್ಕೊಳ್ಳಾಕ ಒಂದ ಕಾರಣ ಬೇಕೇನು? ನನ್ನ ಮನಿ ಸೊಸಿ ಅದೀ. ಅಷ್ಟ ಸಾಕು."

ಹೀಗೆ ಹೇಳಿ ಆ ಕೈಗೊಂದು ಡಜನ್, ಈ ಕೈಗೊಂದು ಡಜನ್, ಎರಡೂ ಡಜನ್ ಬಳೆಗಳನ್ನು ತಾನೇ ಏರಿಸಿದಳು. ಓಣಿಯ ಹೆಂಗಸರು ಸೆರಗಿನಿಂದ ಮೂಗು ಒರೆಸಿಕೊಂಡರು. ನನಗೆ ನೆಗಡಿಯಾದಂತೆನಿಸಿತು.

ದೇವೀಂದ್ರಪ್ಪ ಇನ್ನೂ ಚಾಪೆಯ ಮೇಲೆಯೇ ಇದ್ದ, ಏಳಬೇಕೋ ಬೇಡವೋ ಎಂದು ತಿಳಿಯದೆ. ಮಲ್ಕಮ್ಮ ಅವನ ಕಡೆ ತಿರುಗಿ, ಅಳತೆ ಸಿಗುತ್ತದೆ, ಹಾಗೇ ಇರಿ ಎಂದಳು. ದಬ್ಬಣ ಮತ್ತು ದಪ್ಪ ದಾರ ತರಿಸಿದಳು. ಮೆತ್ತೆಯನ್ನು ಮೇಲಕ್ಕೆಳೆದು ಸಮ ಮಾಡಿ, ಗವಸಣಿಗೆ ಮೆತ್ತೆ ಎರಡನ್ನೂ ಕೂಡಿಸಿ ಹಿಡಿದು, ಕೌದಿಗೆ ಹಾಕುವಂತೆ ಒಂಬತ್ತು ಕಡೆ ಟಾಕು ಹಾಕಿದಳು. ತಿಂಗಳಿಡೀ ಪಿನ್ನು, ಗುಂಡಿ, ಚೈನಿನಿಂದ ಆಗದ ಕೆಲಸ ಚಹಾ ಕುದಿಯುವಷ್ಟರಲ್ಲಿ ಮುಗಿಯಿತು.

ಹೀಗೆ ಹೊಲಿದರೆ ಗವಸಣಿಗೆ ಬಿಚ್ಚಿ ಒಗೆಯುವುದು ಹೇಗೆ ಎಂದು ದೇವೀಂದ್ರಪ್ಪ ಕೆಳಗಿನಿಂದ ಸಣ್ಣ ದನಿಯಲ್ಲಿ ಕೇಳಿದ.

"ಹಳ್ಳಕ್ಕ ಒಯ್ಯರಿ," ಎಂದಳು ನನ್ನ ಹೆಂಡತಿ. "ನಾಕು ಮಂದಿ ಹಿಡದು ಹಿಂಡ್ರಿ."

ಅವನು ಏಳಲು ಹೋದ. ರಜಾಯಿಯೂ ಜೊತೆಗೆ ಎದ್ದಿತು. ಒಂಬತ್ತನೆಯ ಟಾಕು ಲುಂಗಿಯನ್ನು ಹಿಡಿದಿತ್ತು. ಜಗದೇವಪ್ಪ ಕತ್ತರಿ ತರುವವರೆಗೆ ಅವನು ಮತ್ತೆ ಮಲಗಿದ.

ಉಳಿದ ಹದಿಮೂರು ಕಸೆಗಳನ್ನೂ ಗವಸಣಿಗೆಯ ಬಾಯಿಯಿಂದ ಬಿಡಿಸಿದ ಹನ್ನೊಂದನ್ನೂ ಅಂಬಮ್ಮ ಒಂದೆಡೆ ಕೂಡಿಸಿ, ಬುರ್ಹಾನುದ್ದೀನರಿಗೆ ತಿರುಗಿ ಕೊಟ್ಟುಬರುತ್ತೇನೆ ಎಂದಳು. ಮಲ್ಕಮ್ಮ ಅವನ್ನು ಕೈಯಿಂದ ತೆಗೆದುಕೊಂಡು, ಒಂದೊಂದನ್ನೇ ತೊಡೆಯ ಮೇಲೆ ತೀಡಿ ನೇರ ಮಾಡಿ, ಬುತ್ತಿ ಕಟ್ಟಿ ತಂದ ಅರಿವೆಯಲ್ಲಿಟ್ಟು ಗಂಟು ಹಾಕಿದಳು.

"ಇವು ಕೆಡೂ ಸಾಮಾನಲ್ಲ, ಇ‌ರ್ಲಿ," ಎಂದು ಸೊಸೆಯನ್ನು ನೋಡಿದಳು. "ಕೂಸು ಬಂತಂದ್ರ ಕೂಸಿನ ಅಂಗಿಗಿ ಹಚ್ಚೂಣು. ಬರಲಿಲ್ಲಂದ್ರ ನಿನ್ನ ದಿಂಬಿನ ಗಲೀಫಕ್ಕ ಹಚ್ಚೂಣು. ಎರಡಕ್ಕೂ ನಾನ ಹೊಲೀತೀನಿ."

ಮಧ್ಯಾಹ್ನಕ್ಕೆ ಇನ್ನೂ ಒಂದು ತಾಸಿತ್ತು. ನೀಲಗಂಗಮ್ಮ ಡಾಕ್ಟರರ ಅಪ್ಪಣೆಯನ್ನು ಮೀರಿ ಬಾಯಿಯ ಹತ್ತಿಯನ್ನು ತೆಗೆದಳು.

"ಅತ್ತೀ," ಎಂದಳು, "ನಿನ್ನಿ ಸಂಜೀಯಿಂದ ಏನೂ ತಿಂದಿಲ್ಲ."

ಮಲ್ಕಮ್ಮ ಒಂದು ಕೆಂಪು ಬಾಳೆಹಣ್ಣು ಸುಲಿದು, ಬೆರಳಿನಲ್ಲಿ ಮಿದ್ದಿ ಮೆತ್ತಗೆ ಮಾಡಿ, ಕೂಸಿಗೆ ಉಣಿಸುವಂತೆ ಸ್ವಲ್ಪಸ್ವಲ್ಪವೇ ಅವಳ ಬಾಯಿಗಿಟ್ಟಳು. ಪೇಢೆಯ ಮಾತನ್ನು ನಾನು ಅಂದು ಎತ್ತಲಿಲ್ಲ.